ಕರ್ಮದ ಮುಯ್ಯಿ ಪುಸ್ತಕ ಯಾರ ಕೈಲಿದೆ?

ಪ್ರಶ್ನೆ: ನನ್ನ ಮಗಳಿಗೆ ಎರಡು ವರ್ಷ ನಾಲ್ಕು ತಿಂಗಳು. ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ ಅಂತ ಈಗ ಗೊತ್ತಾಗಿದೆ. ನನ್ನದು ಸೋದರಮಾವನ ಮಗನ ಜೊತೆಗೇ ಆದ ಮದುವೆ. ಅತ್ತೆ ದಿನಾ ‘ಹೋದ ಜನ್ಮದಲ್ಲಿ ಏನು ಪಾಪ ಮಾಡಿದ್ದೆವೋ’ ಅಂತ ಅಳುತ್ತಾರೆ. ಕೆಲವು ಸಲ ‘ಮಾಡಿದ್ದೆವೋ’ ಹೋಗಿ ‘ಮಾಡಿದ್ದೆಯೋ’ ಆಗುತ್ತದೆ. ನಮ್ಮ ಭಾವ ಒಂದು ವಿಡಿಯೊ ಕಳಿಸಿದ್ದಾರೆ. ಕರ್ಮ ಅಂದರೆ ನ್ಯೂಟನ್ನನ ಮೂರನೇ ನಿಯಮವೇ, ವಿಜ್ಞಾನವೂ ಒಪ್ಪಿದೆ ಅಂತ ಅದರಲ್ಲಿದೆ. ನಾನು ಬಿ.ಎಸ್ಸಿ. ಓದಿದವಳು. ಕರ್ಮವನ್ನು ವೈಜ್ಞಾನಿಕವಾಗಿ ಅರ್ಥ ಮಾಡಿಕೊಳ್ಳಬಹುದಾ? ಇನ್ನೊಂದು ಮಾತು: ಕುಕ್ಕೆಯಲ್ಲಿ ಸರ್ಪಸಂಸ್ಕಾರ ಮಾಡಿಸೋಣ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ಹೋಗಲಾ, ಬೇಡವಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೋಡಮ್ಮ, ನೀವು ಎರಡು ಪ್ರಶ್ನೆ ಬರೆದಿದ್ದೀರಿ. ಮೂರನೆಯದೊಂದನ್ನು ಬರೆಯದೆ ಬಿಟ್ಟಿದ್ದೀರಿ. ‘ಇದು ನನ್ನ ತಪ್ಪಾ?’ ಅನ್ನುವುದು. ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಅಲ್ಲ. ಯಾಕೆ ಅಲ್ಲ ಅನ್ನುವುದು ಮುಂದೆ ತಾನಾಗಿಯೇ ಬರುತ್ತದೆ.

ನಾನು ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ತರ್ಕಶಾಸ್ತ್ರ ಕಲಿಸಿದವನು. ಕರ್ಮದ ಪ್ರಶ್ನೆ ಪ್ರತಿ ವರ್ಷ ಬರುತ್ತಿತ್ತು. ಹೆಚ್ಚಾಗಿ ಫಲಿತಾಂಶ ಬಂದ ವಾರದಲ್ಲಿ!

ನ್ಯೂಟನ್ನನ ವಿಷಯ ಬೇಗ ಮುಗಿಸೋಣ. ಮೇಜಿಗೆ ಒಂದು ಗುದ್ದು ಕೊಡಿ. ಮೇಜು ನಿಮ್ಮ ಕೈಗೆ ಅಷ್ಟೇ ಬಲದಿಂದ ಗುದ್ದುತ್ತದೆ, ಅದೇ ಗಳಿಗೆಯಲ್ಲಿ. ನಾಳೆಯವರೆಗೆ ಕಾಯುವುದಿಲ್ಲ, ಮುಂದಿನ ಜನ್ಮದ ಮಾತಂತೂ ದೂರ. ಗಣಪತಿ ಮುಂದೆ ತೆಂಗಿನಕಾಯಿ ಒಡೆದರೂ, ಸಿಟ್ಟಿನಲ್ಲಿ ಯಾರದೋ ತಲೆ ಒಡೆದರೂ ಆ ನಿಯಮಕ್ಕೆ ಎರಡೂ ಒಂದೇ. ಬಲ ಎಷ್ಟು ಅಂತ ಕೇಳುತ್ತದೆ, ಮನಸ್ಸಿನಲ್ಲಿ ಏನಿತ್ತು ಅಂತ ಕೇಳುವುದಿಲ್ಲ. 1687ರಲ್ಲಿ ನ್ಯೂಟನ್ ಬರೆದದ್ದು ವಸ್ತುಗಳು ಒಂದನ್ನೊಂದು ತಳ್ಳುವ ಬಗ್ಗೆ. ಪಾಪ ಪುಣ್ಯ ಅದರೊಳಗೆ ಇಲ್ಲ. ‘ಕ್ರಿಯೆ’, ‘ಪ್ರತಿಕ್ರಿಯೆ’ ಅನ್ನುವ ಪದ ಎರಡು ಕಡೆಯೂ ಕೇಳುತ್ತದೆ ಅನ್ನುವುದು ಬಿಟ್ಟರೆ ನಿಮ್ಮ ಭಾವ ಕಳಿಸಿದ ವಿಡಿಯೊದಲ್ಲಿ ಬೇರೆ ಆಧಾರ ಇರಲಾರದು. ಕರ್ಮ ಸಿದ್ಧಾಂತಕ್ಕೂ ಅದರಿಂದ ಗೌರವವೇನೂ ಹೆಚ್ಚುವುದಿಲ್ಲ. ಅದನ್ನು ಯೋಚಿಸಿ ಕಟ್ಟಿದವರು ಇದಕ್ಕಿಂತ ಬಹಳ ಜಾಣರು.

ಅವರು ಹೇಳಿದ್ದೇನು? ಮಾಡಿದ ಕೆಲಸ ಒಂದು ಗುರುತು ಬಿಡುತ್ತದೆ. ಆ ಗುರುತು ಮುಂದೆ ಫಲ ಕೊಡುತ್ತದೆ. ಒಳ್ಳೆಯದಕ್ಕೆ ಒಳ್ಳೆಯದು, ಕೆಟ್ಟದ್ದಕ್ಕೆ ಕೆಟ್ಟದ್ದು. ಮಾಡಿದವನಿಗೇ ಬರುತ್ತದೆ, ಪಕ್ಕದ ಮನೆಯವನಿಗಲ್ಲ. ಈ ಜನ್ಮದಲ್ಲಿ ಬಾಕಿ ಉಳಿದರೆ ಮುಂದಿನದರಲ್ಲಿ. ನಾವು ‘ಕರ್ಮ’ ಅಂತ ಒಂದೇ ಉಸಿರಿನಲ್ಲಿ ಹೇಳುವುದರೊಳಗೆ ಇಷ್ಟು ಬೇರೆ ಬೇರೆ ಮಾತುಗಳಿವೆ. ವಿಜ್ಞಾನದ ಮುಂದೆ ಇವನ್ನೆಲ್ಲ ಒಂದೇ ಕಟ್ಟಾಗಿ ಇಟ್ಟರೆ ಉತ್ತರ ಸಿಗುವುದಿಲ್ಲ. ಬಿಡಿಸಿ ಒಂದೊಂದಾಗಿ ಇಡಬೇಕು.

ಮೊದಲನೆಯದು ಆರಾಮಾಗಿ ಪಾಸಾಗುತ್ತದೆ. ಮಾಡಿದ ಕೆಲಸ ಗುರುತು ಬಿಡುತ್ತದೆ, ನಿಜ. ಮಿದುಳಿನಲ್ಲಿ ಜೊತೆಜೊತೆಯಾಗಿ ಕೆಲಸ ಮಾಡುವ ನರಕೋಶಗಳ ನಡುವಿನ ಸಂಪರ್ಕ ಗಟ್ಟಿಯಾಗುತ್ತದೆ ಅಂತ ಮನೋವಿಜ್ಞಾನಿ ಡೊನಾಲ್ಡ್ ಹೆಬ್ 1949ರಲ್ಲೇ ಬರೆದರು. ಲಂಡನ್ನಿನಲ್ಲಿ 96 ಜನರ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಊಟದ ಜೊತೆ ಹಣ್ಣು ತಿನ್ನುವಂಥ ಸಣ್ಣ ಅಭ್ಯಾಸಗಳು ಯೋಚಿಸದೆ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕು, ಇನ್ನು ಕೆಲವರಿಗೆ ಎಂಟು ತಿಂಗಳೂ ಸಾಲದು ಅನ್ನುವ ಅಂದಾಜು. ನಮ್ಮವರು ಇದನ್ನೇ ಸಂಸ್ಕಾರ, ವಾಸನೆ ಅಂದರು. ಹಿಂಗಿನ ಡಬ್ಬಿ ತೊಳೆದಿಟ್ಟರೂ ಹಿಂಗು ನಾರುವುದಿಲ್ಲವೇ, ಹಾಗೆ. ದಿನಾ ಸಿಟ್ಟು ಮಾಡಿಕೊಳ್ಳುವವನಿಗೆ ಸಿಟ್ಟಿನ ದಾರಿ ಸಲೀಸಾಗುತ್ತದೆ. ಅವನು ಮಾಡಿದ್ದನ್ನು ಅವನೇ ಉಣ್ಣುತ್ತಾನೆ. ಇದಕ್ಕೆ ಇನ್ನೊಂದು ಜನ್ಮ ಬೇಕಾಗಿಲ್ಲ.

ಎರಡನೆಯದು, ಒಳ್ಳೆಯದಕ್ಕೆ ಒಳ್ಳೆಯದು, ಕೆಟ್ಟದ್ದಕ್ಕೆ ಕೆಟ್ಟದ್ದು ಅನ್ನುವ ಮಾತು. ಅದಕ್ಕೆ ನಮ್ಮ ಕಡೆಯ ಮದುವೆ ಮನೆಗೆ ಹೋಗೋಣ. ಊಟದ ಹಾಲ್‌ನ ಬಾಗಿಲ ಹತ್ತಿರ ಒಂದು ಮೇಜು. ಮೇಲೆ ನೂರು ಪುಟದ ಒಂದು ನೋಟ್‌ಬುಕ್ಕು, ಮೊದಲ ಪುಟದ ನಾಲ್ಕು ಮೂಲೆಗೂ ಅರಿಶಿನ. ಹಿಂದೆ ಕೂತವನು ಮನೆಯವರಿಗೆ ನಂಬಿಕಸ್ಥ, ಅಕ್ಷರ ದುಂಡಗೆ. ಬಂದವರು ಮುಯ್ಯಿ ಓದಿಸುತ್ತಾರೆ. ಇಂಥವರು, ಇಂಥ ಊರು, ನೂರಾ ಒಂದು. ಹದಿನೈದು ವರ್ಷ ಕಳೆದು ಅವರ ಮನೆಯಲ್ಲಿ ಮದುವೆಯಾದಾಗ ಈ ಪುಸ್ತಕ ಅಟ್ಟದಿಂದ ಇಳಿಯುತ್ತದೆ. ಅವರು ನೂರಾ ಒಂದು ಹಾಕಿದ್ದರೆ ನಾವು ಅದಕ್ಕೆ ಕಮ್ಮಿ ಹಾಕುವ ಹಾಗಿಲ್ಲ. ನಾಟಿ ಕಾಲದ ಮುಯ್ಯಾಳೂ ಇದೇ ಲೆಕ್ಕ. ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ಸೇಡಿಗೂ ನಾವು ‘ಮುಯ್ಯಿ ತೀರಿಸಿಕೊಳ್ಳುವುದು’ ಅನ್ನುತ್ತೇವೆ, ಗಮನಿಸಿದ್ದೀರಾ? ಉಡುಗೊರೆಗೂ ಸೇಡಿಗೂ ಕನ್ನಡದಲ್ಲಿ ಒಂದೇ ಪದ. 

ವಿಜ್ಞಾನಿಗಳು ಇದನ್ನು ತುಂಬಾ ಚೆನ್ನಾಗಿ ಅಧ್ಯಯನ ಮಾಡಿದ್ದಾರೆ. 1980ರ ಸುಮಾರಿಗೆ ರಾಬರ್ಟ್ ಆಕ್ಸೆಲ್‌ರಾಡ್ ಅನ್ನುವವರು ಕಂಪ್ಯೂಟರ್ ಪ್ರೋಗ್ರಾಮ್‌ಗಳ ನಡುವೆ ಒಂದು ಪಂದ್ಯಾವಳಿ ಇಟ್ಟರು. ಪ್ರತಿ ಸುತ್ತಿನಲ್ಲೂ ಎದುರಾಳಿಗೆ ಸಹಕರಿಸಬಹುದು, ಇಲ್ಲ ಮೋಸ ಮಾಡಬಹುದು. ಘಟಾನುಘಟಿಗಳು ಕಳಿಸಿದ ಜಾಣ ಪ್ರೋಗ್ರಾಮ್‌ಗಳನ್ನೆಲ್ಲ ಸೋಲಿಸಿ ಗೆದ್ದದ್ದು ಅನಟೋಲ್ ರ‍್ಯಾಪೊಪೋರ್ಟ್ ಕಳಿಸಿದ ಒಂದು ಪುಟ್ಟ ಪ್ರೋಗ್ರಾಮ್. ಮೊದಲು ಸಹಕರಿಸು, ಆಮೇಲೆ ಎದುರಿನವನು ಮಾಡಿದ್ದನ್ನೇ ಮಾಡು. ಅಷ್ಟೇ. ಅಪ್ಪಟ ಮುಯ್ಯಿ. ಮುಂದೆ 1998ರಲ್ಲಿ ಮಾರ್ಟಿನ್ ನೊವಾಕ್ ಮತ್ತು ಕಾರ್ಲ್ ಸಿಗ್ಮಂಡ್ ಇನ್ನೊಂದು ಹೆಜ್ಜೆ ಇಟ್ಟರು. ನಾನು ನಿಮಗೆ ಉಪಕಾರ ಮಾಡಿದ್ದನ್ನು ಮೂರನೆಯವರು ನೋಡಿರುತ್ತಾರೆ, ಮುಂದೆ ನನಗೆ ಅವರು ಮಾಡುತ್ತಾರೆ. ಹೆಸರು, ಮರ್ಯಾದೆ ಅನ್ನುವುದರ ಮೂಲಕ ಒಳ್ಳೆಯತನ ಸುತ್ತು ಹಾಕಿ ಬರುತ್ತದೆ. ಇದನ್ನು ಗಣಿತದಲ್ಲಿ ತೋರಿಸಬಹುದು, ಪ್ರಯೋಗದಲ್ಲಿ ಅಳೆಯಬಹುದು.

ಆದರೆ ಇಲ್ಲಿ ಪುಸ್ತಕ ಬರೆಯುವವನು ಕಣ್ಣ ಮುಂದೆ ಕೂತಿದ್ದಾನೆ. ಅವನು ಎದ್ದುಹೋದರೆ ಲೆಕ್ಕ ನಿಂತಿತು. ಯಾರೂ ನೋಡದಲ್ಲಿ ಮಾಡಿದ ಮೋಸಕ್ಕೆ ಈ ಪುಸ್ತಕದಲ್ಲಿ ಪುಟ ಇಲ್ಲ. ಊರು ಬಿಟ್ಟು ಊರಿಗೆ ಹೋದವನನ್ನು ಅದು ಹಿಂಬಾಲಿಸುವುದಿಲ್ಲ. ಕರ್ಮ ಸಿದ್ಧಾಂತ ಹೇಳುವುದು ಯಾರೂ ನೋಡದಿದ್ದರೂ ಬರೆದುಕೊಳ್ಳುವ ಪುಸ್ತಕದ ಬಗ್ಗೆ. ಕಷ್ಟ ಶುರುವಾಗುವುದು ಇಲ್ಲಿಂದ.

ಈ ಕಷ್ಟ ಹಿಂದಿನವರಿಗೂ ಗೊತ್ತಿತ್ತು. ವೇದದ ಯಜ್ಞವಿಧಿಗಳನ್ನು ವಿಚಾರ ಮಾಡಿದ ಮೀಮಾಂಸಕರು ಕೇಳಿಕೊಂಡರು: ಯಜ್ಞ ಇವತ್ತು ಮುಗಿಯಿತು, ಬೆಂಕಿ ಆರಿತು, ಬೂದಿಯೂ ಹಾರಿಹೋಯಿತು. ಸ್ವರ್ಗ ಸಿಗುವುದು ಸತ್ತ ಮೇಲೆ. ನಡುವೆ ಅದನ್ನು ಹೊತ್ತು ತರುವುದು ಯಾವುದು? ಅದಕ್ಕೆ ‘ಅಪೂರ್ವ’ ಅಂತ ಹೆಸರಿಟ್ಟರು. ಜೈನರು ಇನ್ನೂ ಧೈರ್ಯವಾಗಿ ಮುಂದೆ ಹೋದರು. ಕರ್ಮ ಅಂದರೆ ಅತಿ ಸೂಕ್ಷ್ಮವಾದ ದ್ರವ್ಯ, ಅದು ಜೀವಕ್ಕೆ ಅಂಟಿಕೊಳ್ಳುತ್ತದೆ ಅಂದರು. ಚಾವುಂಡರಾಯನ ಗುರು ನೇಮಿಚಂದ್ರ ಹತ್ತನೇ ಶತಮಾನದಲ್ಲಿ ಬರೆದ ‘ಗೊಮ್ಮಟಸಾರ’ದಲ್ಲಿ ಕರ್ಮಕ್ಕೇ ಒಂದು ಇಡೀ ಕಾಂಡ ಇದೆ. ಮೂಲ ಬಗೆ ಎಂಟು, ಒಳಬಗೆ 148. ಯಾವುದು ಎಷ್ಟು ಕಾಲ ಅಂಟಿರುತ್ತದೆ, ಎಷ್ಟು ತೀವ್ರವಾಗಿ ಫಲ ಕೊಡುತ್ತದೆ, ಎಲ್ಲಕ್ಕೂ ಲೆಕ್ಕ. ಶ್ರವಣಬೆಳಗೊಳದ ಬೆಟ್ಟದ ಮೇಲೆ ಗೊಮ್ಮಟ ನಿಲ್ಲುತ್ತಿದ್ದ ಕಾಲದಲ್ಲಿ ನಮ್ಮ ನೆಲದಲ್ಲೇ ಇಂಥ ಕೆಲಸ ನಡೆಯಿತು. ಒಪ್ಪುವುದು ಬಿಡುವುದು ಆಮೇಲೆ, ಆ ಶಿಸ್ತಿಗೆ ತಲೆಬಾಗಬೇಕು. ಆದರೆ ಆ ದ್ರವ್ಯವನ್ನು ತೂಗುವ ತಕ್ಕಡಿ ಯಾವುದು ಅಂದರೆ ಇಲ್ಲ. ಕೇವಲಜ್ಞಾನ, ಅಂದರೆ ಎಲ್ಲವನ್ನೂ ಅರಿಯುವ ಜ್ಞಾನ ಪಡೆದವರಿಗೆ ಮಾತ್ರ ಅದು ಪೂರ್ತಿ ಕಾಣುತ್ತದೆ ಅನ್ನುವುದೇ ಅವರ ಮಾತು. ವಿಜ್ಞಾನಕ್ಕೆ ಅದು ಸಾಲದು. ನನಗೆ ಕಂಡದ್ದು ನಿಮಗೂ, ನನ್ನ ಶತ್ರುವಿಗೂ ಕಾಣಬೇಕು ಅನ್ನುವುದು ಅದರ ಹಟ.

ನನಗೆ ತುಂಬಾ ಇಷ್ಟವಾದ ಪದ ನಮ್ಮ ಹಳೆಯ ದರ್ಶನಗಳಲ್ಲಿ ಒಂದಾದ ವೈಶೇಷಿಕದವರದು: ‘ಅದೃಷ್ಟ’. ಈಗ ನಾವು ಲಾಟರಿ ಹೊಡೆದರೆ ಅದೃಷ್ಟ ಅನ್ನುತ್ತೇವೆ. ಮೂಲದಲ್ಲಿ ಅದರ ಅರ್ಥ ಕಣ್ಣಿಗೆ ಕಾಣದ್ದು ಅಂತ, ಅಂದರೆ ಹಿಂದಿನ ಕರ್ಮದ ಕಾಣದ ಶಕ್ತಿ. ಯಾವುದೂ ಆಕಸ್ಮಿಕವಲ್ಲ ಅಂತ ಹೇಳಲು ಇದ್ದ ಪದ ಇವತ್ತು ಆಕಸ್ಮಿಕಕ್ಕೇ ಹೆಸರಾಗಿ ಕೂತಿದೆ! ಇರಲಿ. ವೈಶೇಷಿಕ ಸೂತ್ರಗಳಲ್ಲಿ ಈ ಅದೃಷ್ಟದ ಕೆಲಸಗಳ ಪಟ್ಟಿ ನೋಡಬೇಕು. ಸೂಜಿ ಅಯಸ್ಕಾಂತದ ಕಡೆಗೆ ಸರಿಯುವುದು. ಬೆಂಕಿಯ ನಾಲಗೆ ಮೇಲಕ್ಕೆ ಏಳುವುದು. ಗಾಳಿ ಅಡ್ಡಡ್ಡ ಬೀಸುವುದು. ಕಾರಣ ಕಾಣದ್ದನ್ನೆಲ್ಲ ಆ ಡಬ್ಬಿಗೆ ಹಾಕಿದರು. ಅದು ಪೆದ್ದತನವಲ್ಲ, ಪ್ರಾಮಾಣಿಕತೆ. ‘ಏನೋ ಕಾರಣ ಇದೆ, ಕಾಣುತ್ತಿಲ್ಲ’ ಅಂದರು, ಅಷ್ಟೇ. ಆಮೇಲೆ ಅಯಸ್ಕಾಂತ ಆ ಡಬ್ಬಿಯಿಂದ ಹೊರಬಂತು. ಬೆಂಕಿಯೂ ಬಂತು, ಗಾಳಿಯೂ ಬಂತು. ಇವತ್ತು ಸೂಜಿ ಓಡಿದ್ದಕ್ಕೆ ಯಾರೂ ಪೂರ್ವಜನ್ಮ ಹುಡುಕುವುದಿಲ್ಲ. ಆದರೆ ಕಾಯಿಲೆ, ಅಂಗವಿಕಲತೆ, ಬಡತನ ಮಾತ್ರ ಇನ್ನೂ ಅದರೊಳಗೇ ಇವೆ.

ಡಬ್ಬಿಯ ಒಳಗಿರುವುದನ್ನು ಪರೀಕ್ಷೆ ಮಾಡುವುದು ಹೇಗೆ? ತರ್ಕದ ತರಗತಿಯಲ್ಲಿ ನಾನು ಎರಡು ಗಾದೆ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ‘ಮಾಡಿದ್ದುಣ್ಣೋ ಮಹಾರಾಯ’, ‘ಪಾಪಿ ಚಿರಾಯು’. ಕೆಟ್ಟವನು ಕಷ್ಟಪಟ್ಟರೆ ಮೊದಲನೆಯದು, ಸುಖವಾಗಿದ್ದರೆ ಎರಡನೆಯದು. ಒಳ್ಳೆಯವನಿಗೆ ಕಷ್ಟ ಬಂದರೆ ಹಿಂದಿನ ಜನ್ಮದ ಬಾಕಿ. ಏನೇ ಆದರೂ ಒಂದು ಉತ್ತರ ರೆಡಿ. ಮಕ್ಕಳಿಗೆ ನಾನು ಕೇಳುತ್ತಿದ್ದದ್ದು ಇಷ್ಟೇ. ಕರ್ಮ ಸುಳ್ಳು ಅಂತ ನೀವು ಒಪ್ಪಬೇಕಾದರೆ ಲೋಕದಲ್ಲಿ ಏನು ನಡೆಯಬೇಕು, ಒಂದು ಉದಾಹರಣೆ ಕೊಡಿ. ಮೂವತ್ತು ವರ್ಷದಲ್ಲಿ ಒಬ್ಬರೂ ಕೊಡಲಿಲ್ಲ. ವಿಜ್ಞಾನದ ಬಗ್ಗೆ ಯೋಚಿಸಿದ ತತ್ತ್ವಜ್ಞಾನಿ ಕಾರ್ಲ್ ಪಾಪರ್ ಹೇಳಿದ್ದು ಇದನ್ನೇ. ಯಾವ ಘಟನೆಯೂ ತಪ್ಪು ಅಂತ ತೋರಿಸಲಾರದ ಮಾತು ನಿಜವೇ ಇರಬಹುದು, ಆದರೆ ಅದು ವಿಜ್ಞಾನದ ಮಾತಲ್ಲ.

ಇದು ಬರೀ ಕ್ಲಾಸ್‌ರೂಮಿನ ಆಟವಲ್ಲ. 1934ರ ಜನವರಿ 15ರಂದು ಬಿಹಾರದಲ್ಲಿ ದೊಡ್ಡ ಭೂಕಂಪವಾಯಿತು. ಸಾವಿರಾರು ಜನ ಸತ್ತರು. ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಇದು ಅಂತ ಗಾಂಧೀಜಿ ಹೇಳಿದರು. ಅಸ್ಪೃಶ್ಯತೆಯ ವಿಷಯದಲ್ಲಿ ಗಾಂಧಿಯ ಜೊತೆಗೇ ಇದ್ದ ರವೀಂದ್ರನಾಥ ಠಾಕೂರರು ಬಹಿರಂಗವಾಗಿ ಆಕ್ಷೇಪಿಸಿದರು. ಭೂಕಂಪದ ಕಾರಣ ನೆಲದೊಳಗಿದೆ, ಅದಕ್ಕೂ ನೀತಿಗೂ ಗಂಟು ಹಾಕಬೇಡಿ ಅಂದರು. ಅವರ ಇನ್ನೊಂದು ಏಟು ತುಂಬಾ ಸೊಗಸಾಗಿದೆ: ನಿಮ್ಮ ಈ ವಾದ ನಿಮಗಿಂತ ನಿಮ್ಮ ವಿರೋಧಿಗಳಿಗೇ ಚೆನ್ನಾಗಿ ಒಪ್ಪುತ್ತದೆ, ಅಸ್ಪೃಶ್ಯತೆ ತೊಡೆಯಲು ಹೊರಟ ನಿಮ್ಮಿಂದಲೇ ದೇವರಿಗೆ ಸಿಟ್ಟು ಬಂತು ಅಂತ ಅವರೂ ಹೇಳಬಹುದಲ್ಲ? ಒಂದೇ ಭೂಕಂಪ, ಎರಡು ತದ್ವಿರುದ್ಧ ತೀರ್ಪು. ಯಾವುದು ಸರಿ ಅಂತ ನೋಡಲು ದಾರಿಯೇ ಇಲ್ಲ. ನಿಮ್ಮ ಮನೆಯಲ್ಲೂ ಅಷ್ಟೇ ಅಲ್ವಾ? ಪಾಪ ನಿಮ್ಮದೋ, ಅತ್ತೆಯವರದೋ, ಮಗುವಿನದೋ? ದನಿ ಜೋರಿದ್ದವರ ಮಾತು ಗೆಲ್ಲುತ್ತದೆ.

ಪುನರ್ಜನ್ಮದ ಬಗ್ಗೆಯಾದರೂ ಸಾಕ್ಷಿ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ವರ್ಜೀನಿಯಾ ವಿಶ್ವವಿದ್ಯಾಲಯದ ಇಯಾನ್ ಸ್ಟೀವನ್‌ಸನ್ ಹಿಂದಿನ ಜನ್ಮ ನೆನಪಿದೆ ಅನ್ನುವ ಮಕ್ಕಳ ಪ್ರಕರಣಗಳನ್ನು ದಶಕಗಳ ಕಾಲ ಕಲೆಹಾಕಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಸತ್ವಂತ್ ಪಸ್ರಿಚಾ ಕೂಡ ಈ ಕೆಲಸ ಮಾಡಿದವರು. ಶ್ರದ್ಧೆಯ ಕೆಲಸ, ಸುಮ್ನೆ ನಗಬಾರದು. ಆದರೆ ಬಹಳ ಕಡೆ ಎರಡೂ ಕುಟುಂಬಗಳು ಮಾತಾಡಿಕೊಂಡ ಮೇಲೆ ಸಂಶೋಧಕರು ಹೋಗಿರುತ್ತಾರೆ, ನೆನಪುಗಳು ಅಷ್ಟರಲ್ಲಿ ಬೆರೆತಿರುತ್ತವೆ. ಸ್ಟೀವನ್‌ಸನ್ ಕೂಡ ಪುನರ್ಜನ್ಮವನ್ನು ‘ಸೂಚಿಸುವ’ ಪ್ರಕರಣಗಳು ಅಂದರೇ ಹೊರತು ಸಾಬೀತಾಯಿತು ಅನ್ನಲಿಲ್ಲ. ಜನ ಗಮನಿಸದ ವಿಷಯ ಇನ್ನೊಂದಿದೆ. ಹೋದ ಜನ್ಮದ ನಡತೆಗೂ ಈ ಜನ್ಮದ ಸುಖದುಃಖಕ್ಕೂ ತಾಳೆಯಾಗುವಂಥದ್ದು ಆ ಪ್ರಕರಣಗಳಲ್ಲಿ ಅವರಿಗೇ ಹೆಚ್ಚೇನೂ ಕಾಣಲಿಲ್ಲ. ಅಂದರೆ ಪುನರ್ಜನ್ಮವನ್ನು ಒಪ್ಪಿದರೂ ಕರ್ಮದ ಲೆಕ್ಕ ಅದರ ಹಿಂದೆಯೇ ಬರಬೇಕಾಗಿಲ್ಲ.

ಈಗ ನಿಮ್ಮ ಮಗಳ ವಿಷಯ. 1941ರಲ್ಲಿ ಸಿಡ್ನಿಯ ನಾರ್ಮನ್ ಗ್ರೆಗ್ ಅನ್ನುವ ಕಣ್ಣಿನ ಡಾಕ್ಟರಿಗೆ ಒಂದು ವಿಚಿತ್ರ ಕಂಡಿತು. ಹುಟ್ಟುವಾಗಲೇ ಕಣ್ಣಲ್ಲಿ ಪೊರೆ ಇರುವ ಕೂಸುಗಳು ಒಂದೇ ಸಮನೆ ಬರುತ್ತಿವೆ. ಅವರು ತಾಯಂದಿರನ್ನು ವಿಚಾರಿಸಿದರು. ಬೇರೆ ಡಾಕ್ಟರುಗಳಿಂದಲೂ ಸೇರಿಸಿ 78 ಮಕ್ಕಳ ಲೆಕ್ಕ ತೆಗೆದರು. ಬಹುಪಾಲು ತಾಯಂದಿರಿಗೆ ಬಸುರಿಯಾದ ಹೊಸದರಲ್ಲಿ ರುಬೆಲ್ಲಾ ಜ್ವರ ಬಂದುಹೋಗಿತ್ತು. ಮೈಮೇಲೆ ನಾಲ್ಕು ದಿನ ಗಂಧೆ ಎದ್ದು ಹೋಗುವ ಸಣ್ಣ ಜ್ವರ. ಅದೇ ಸೋಂಕು ಮಗುವಿನ ಕಿವಿಯನ್ನೂ ಕೆಡಿಸುತ್ತದೆ ಅಂತ ಬೇಗನೆ ಗೊತ್ತಾಯಿತು. ಮುಂದೆ ಲಸಿಕೆ ಬಂತು. 2017ರ ಫೆಬ್ರವರಿಯಲ್ಲಿ ನಮ್ಮ ದೇಶದಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರುವಾದಾಗ ಮೊದಲ ಸುತ್ತಿನಲ್ಲೇ ಕರ್ನಾಟಕ ಇತ್ತು. ಅಂದು ಗ್ರೆಗ್ ಆ ತಾಯಂದಿರಿಗೆ ‘ಹೋದ ಜನ್ಮದ ಪಾಪ, ಏನು ಮಾಡೋದಮ್ಮ’ ಅಂದಿದ್ದರೆ? ಯಾರೂ ಅವರನ್ನು ತಪ್ಪು ಅಂತ ತೋರಿಸಲು ಆಗುತ್ತಿರಲಿಲ್ಲ. ಲಸಿಕೆಯ ದಾರಿ ಮಾತ್ರ ಅಲ್ಲಿಗೇ ಮುಚ್ಚಿಹೋಗುತ್ತಿತ್ತು.

ನಿಮ್ಮ ಮಗುವಿಗೆ ಕಾರಣ ಯಾವುದು ಅಂತ ಪರೀಕ್ಷೆಯೇ ಹೇಳಬೇಕು. ನಿಮ್ಮದು ನೆಂಟಸ್ತಿಕೆಯೊಳಗಿನ ಮದುವೆ ಆದ್ದರಿಂದ ಡಾಕ್ಟರು ವಂಶವಾಹಿಯ ಮಾತು ಎತ್ತಬಹುದು. ಅದನ್ನು ಹೀಗೆ ಅರ್ಥ ಮಾಡಿಕೊಳ್ಳಿ. ಕಿವಿಗೆ ಸಂಬಂಧಪಟ್ಟ ಒಂದು ಸೂಚನೆ, ಅದರ ಎರಡೆರಡು ಚೀಟಿ ನಮ್ಮೆಲ್ಲರ ಹತ್ತಿರ ಇರುತ್ತವೆ. ನಿಮ್ಮ ಎರಡರಲ್ಲಿ ಒಂದು ಚೀಟಿಗೆ ಅಕ್ಷರ ತಪ್ಪಿದೆ, ನಿಮ್ಮ ಯಜಮಾನರದ್ದರಲ್ಲೂ ಹಾಗೇ ಅಂದುಕೊಳ್ಳಿ. ಒಂದು ಸರಿ ಇದ್ದರೆ ಸಾಕು, ಕಿವಿ ಕೇಳುತ್ತದೆ. ಅದಕ್ಕೇ ನಿಮ್ಮಿಬ್ಬರಿಗೂ ಏನೂ ಆಗಿಲ್ಲ. ಮಗುವಿಗೆ ಇಬ್ಬರಿಂದಲೂ ಒಂದೊಂದು ಚೀಟಿ ಹೋಗುತ್ತದೆ. ಎರಡೂ ತಪ್ಪು ಚೀಟಿಯೇ ಹೋಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದೇ. ಆ ಚೀಟಿ ಎಷ್ಟೋ ತಲೆಮಾರಿನಿಂದ ಯಾರಿಗೂ ಗೊತ್ತಿಲ್ಲದೆ ಕೈ ದಾಟಿ ಬಂದಿರುತ್ತದೆ. ನೀವು ಅದನ್ನು ಆರಿಸಲಿಲ್ಲ, ಅತ್ತೆಯವರೂ ಆರಿಸಲಿಲ್ಲ. ಆದ್ದರಿಂದ ‘ಕರ್ಮ’ ಅನ್ನುವ ಜಾಗದಲ್ಲಿ ‘ಜೀನ್’ ಅಂತ ಬರೆದು ಅದೇ ಬೆರಳನ್ನು ನಿಮ್ಮ ಕಡೆ ತೋರಿಸಿದರೆ ಅದನ್ನೂ ಒಪ್ಪಬೇಡಿ.

‘ಸರಿ, ನಾಲ್ಕರಲ್ಲಿ ಆ ಒಂದು ನನ್ನ ಮಗಳೇ ಯಾಕೆ?’ ಅಂತ ನೀವು ಕೇಳಿದರೆ ವಿಜ್ಞಾನ ಸುಮ್ಮನಾಗುತ್ತದೆ. ಯಾಕೂ ಇಲ್ಲ ಅನ್ನುವುದೇ ಅದರ ಉತ್ತರ. ಈ ಉತ್ತರವನ್ನು ನುಂಗುವುದು ತುಂಬಾ ಕಷ್ಟ. ಕರ್ಮ ಇಷ್ಟು ಸಾವಿರ ವರ್ಷ ಬಾಳಿದ್ದು ಅದರಿಂದಲೇ ಅಂತ ನನ್ನ ಅನಿಸಿಕೆ. ‘ಯಾಕೂ ಇಲ್ಲ’ ಅನ್ನುವುದಕ್ಕಿಂತ ‘ನಾನೇ ಏನೋ ಮಾಡಿರಬೇಕು’ ಅನ್ನುವುದು ಎಷ್ಟೋ ಜನರಿಗೆ ಹಗುರ. ನಿಮ್ಮ ಅತ್ತೆ ‘ಮಾಡಿದ್ದೆವೋ’ ಅಂತ ಅಳುವಾಗ ಅವರು ಹುಡುಕುತ್ತಿರುವುದು ಇದನ್ನೇ ಇರಬೇಕು.

‘ಮಾಡಿದ್ದೆಯೋ’ ಆದಾಗ ಕತೆ ಬೇರೆ. 1966ರಲ್ಲಿ ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ ಮನೋವಿಜ್ಞಾನದ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಒಬ್ಬ ಹೆಣ್ಣುಮಗಳು ಕಲಿಕೆಯ ಪರೀಕ್ಷೆಯಲ್ಲಿ ತಪ್ಪಿದಾಗೆಲ್ಲ ಕರೆಂಟ್ ಹೊಡೆಸಿಕೊಳ್ಳುವುದನ್ನು ವಿದ್ಯಾರ್ಥಿನಿಯರು ಕೂತು ನೋಡಬೇಕು. ನಿಜವಾದ ಕರೆಂಟ್ ಅಲ್ಲ, ನೋಡುವವರಿಗೆ ಅದು ಗೊತ್ತಿರಲಿಲ್ಲ. ಅವಳ ನೋವನ್ನು ನಿಲ್ಲಿಸುವ ಅವಕಾಶ ಕೊಟ್ಟಾಗ ಬಹುತೇಕರು ನಿಲ್ಲಿಸಲು ಮುಂದಾದರು. ನೋವು ಮುಂದುವರಿಯುತ್ತದೆ, ತಮ್ಮ ಕೈಯಲ್ಲಿ ಏನೂ ಇಲ್ಲ ಅಂತ ಗೊತ್ತಾದವರು ಅವಳನ್ನೇ ಕೀಳಾಗಿ ಕಾಣತೊಡಗಿದರು. ಅವರು ಕೆಟ್ಟವರಲ್ಲ. ತಪ್ಪು ಮಾಡದವರಿಗೂ ನೋವು ಬರುತ್ತದೆ ಅಂತ ಒಪ್ಪಿದರೆ ನಾಳೆ ತಮಗೂ ಬರಬಹುದಲ್ಲ? ಆ ಹೆದರಿಕೆ. ಕರ್ಮದ ಸುತ್ತಮುತ್ತ ವಿಜ್ಞಾನಕ್ಕೆ ಚೆನ್ನಾಗಿ ಅರ್ಥವಾಗಿರುವ ವಿಷಯ ಅಂದರೆ ಇದೇ: ಕರ್ಮವನ್ನು ಬೇರೆಯವರ ಮೇಲೆ ಹೊರಿಸುವ ನಮ್ಮ ಮನಸ್ಸು.

ಇದನ್ನು ಅತ್ತೆಯವರಿಗೆ ಹೇಳುವುದು ಹೇಗೆ ಅಂತ ಯೋಚನೆಯಾ? ಪಾಶ್ಚಾತ್ಯರ ಪ್ರಯೋಗ ಅಂದರೆ ಕೇಳಲಾರರು. ಬುದ್ಧನ ಹೆಸರು ಹೇಳಿ ನೋಡಿ. ಸೀವಕ ಅನ್ನುವ ಅಲೆಮಾರಿ ಸನ್ಯಾಸಿ ಬುದ್ಧನ ಹತ್ತಿರ ಬಂದು, ಮನುಷ್ಯ ಅನುಭವಿಸುವ ನೋವೆಲ್ಲ ಹಿಂದೆ ಮಾಡಿದ ಕರ್ಮದ ಫಲವೇ ಅಂತ ಕೆಲವರು ಹೇಳುತ್ತಾರೆ, ನೀವೇನು ಹೇಳುತ್ತೀರಿ ಅಂತ ಕೇಳಿದ. ಬುದ್ಧ ಎಂಟು ಕಾರಣ ಎಣಿಸಿದ. ಪಿತ್ತ, ಕಫ, ವಾತ, ಇವೆಲ್ಲ ಸೇರಿ ಕೆಡುವುದು, ಋತು ಬದಲಾಗುವುದು, ಮೈ ಬಗ್ಗೆ ಎಚ್ಚರ ತಪ್ಪುವುದು, ಹೊರಗಿನ ಪೆಟ್ಟು. ಕರ್ಮ ಕೊನೆಯದು, ಎಂಟರಲ್ಲಿ ಒಂದು. ಎಲ್ಲವೂ ಕರ್ಮವೇ ಅನ್ನುವವರು ತಾವೇ ಕಂಡದ್ದನ್ನೂ ಲೋಕಕ್ಕೆ ಗೊತ್ತಿರುವುದನ್ನೂ ಮೀರಿ ಮಾತಾಡುತ್ತಿದ್ದಾರೆ, ಅದು ತಪ್ಪು ಅಂದ. ಕರ್ಮವನ್ನು ನಂಬಿದವನೇ ಹೇಳಿದ ಮಾತು ಇದು.

ಕೊನೆಗೆ ಕುಕ್ಕೆ. ಹೋಗಿ ಬನ್ನಿ, ನನ್ನದೇನೂ ತಕರಾರಿಲ್ಲ. ಮನೆಯವರ ಮನಸ್ಸು ಹಗುರಾಗುವುದಾದರೆ ಆಗಲಿ. ಸರ್ಪಸಂಸ್ಕಾರಕ್ಕೆ ಎರಡು ದಿನ ಸಾಕು. ಆದರೆ ಸೇವೆಗೆ ತಾರೀಕು ಸಿಗಲಿ, ಅದಾದ ಮೇಲೆ ಡಾಕ್ಟರು ಅಂತ ಮಾತ್ರ ಕೂರಬೇಡಿ. ಶಬ್ದವನ್ನು ಮಾತಾಗಿ ಹಿಡಿಯುವ ಶಕ್ತಿ ಮಿದುಳಿಗೆ ಮೊದಲ ಮೂರು ಮೂರೂವರೆ ವರ್ಷದಲ್ಲಿ ಜಾಸ್ತಿ. ಶ್ರವಣಯಂತ್ರವೋ, ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟೋ, ಸನ್ನೆ ಭಾಷೆಯೋ, ಯಾವುದೇ ಆದರೂ ಬೇಗ ಶುರುವಾಗಬೇಕು. ನಿಮ್ಮ ಮಗಳಿಗೆ ಆಗಲೇ ಎರಡು ವರ್ಷ ನಾಲ್ಕು ತಿಂಗಳು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1960ರ ದಶಕದಿಂದ ಈ ಕೆಲಸ ಮಾಡುತ್ತಿದೆ. ಅಲ್ಲಿ ಮಕ್ಕಳ ಜೊತೆ ಕೂತು ತಾಯಂದಿರೂ ಕಲಿಯುತ್ತಾರೆ. ಇಂಪ್ಲಾಂಟ್ ಬೇಕಾದರೆ ಸರ್ಕಾರದ ನೆರವಿನ ಯೋಜನೆಗಳೂ ಇವೆ, ಅಲ್ಲೇ ವಿಚಾರಿಸಿ. ಮೊದಲು ಮೈಸೂರಿನ ತಾರೀಕು ಗೊತ್ತುಮಾಡಿಕೊಳ್ಳಿ. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಆ ವರಾಂಡದಲ್ಲಿ ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಟೋಕನ್ನಿಗೆ ಕಾಯುವ ಅಜ್ಜಿಯರು ಬೇಕಾದಷ್ಟು ಸಿಗುತ್ತಾರೆ.